1958ರ ಮಾರಿಸ್ ಮೈನರ್: ಹಳೆಯ ಡ್ರಮ್ ಬ್ರೇಕನ್ನೇ ಸರಿಪಡಿಸುವುದೇ, ಡಿಸ್ಕ್ ಹಾಕಿಸುವುದೇ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಾತ 1958ರಲ್ಲಿ ಕೊಂಡ ಮಾರಿಸ್ ಮೈನರ್ 1000 ಕಾರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶೆಡ್ಡಿನಲ್ಲೇ ನಿಂತಿದ್ದು, ಕಳೆದ ವರ್ಷ ನನ್ನ ಪಾಲಿಗೆ ಬಂದಿದೆ. ಅದರ 948 ಸಿ.ಸಿ. ಇಂಜಿನ್ನನ್ನು ಬಿಚ್ಚಿ ಕಟ್ಟಿಸಿದ್ದೇನೆ, ವೈರಿಂಗ್ ಪೂರ್ತಿ ಹೊಸದಾಗಿದೆ, ಟೈರುಗಳೂ ಹೊಸವು. ಉಳಿದಿರುವುದು ಬ್ರೇಕ್ ಒಂದೇ, ಮತ್ತು ಅದೊಂದರಿಂದಲೇ ಕಾರನ್ನು ಊರಾಚೆ ತೆಗೆದುಕೊಂಡು ಹೋಗುವ ಧೈರ್ಯ ನನಗೆ ಬರುತ್ತಿಲ್ಲ.

ತೊಂದರೆಗಳು ಹೀಗಿವೆ. ಪೆಡಲನ್ನು ಮೊದಲ ಸಲ ಒತ್ತಿದಾಗ ಅದು ಹೆಚ್ಚುಕಡಿಮೆ ನೆಲದವರೆಗೂ ಹೋಗುತ್ತದೆ. ಬಿಟ್ಟು ಕೂಡಲೇ ಇನ್ನೊಮ್ಮೆ ಒತ್ತಿದರೆ ಅರ್ಧಕ್ಕೇ ಗಟ್ಟಿಯಾಗಿ ನಿಲ್ಲುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಬ್ರೇಕ್ ಹಾಕಿದರೆ ಕಾರು ಎಡಕ್ಕೆ ಎಳೆಯುತ್ತದೆ. ಕಳೆದ ತಿಂಗಳು ಚಾಮುಂಡಿ ಬೆಟ್ಟದಿಂದ ಇಳಿದು ಬಂದು ನಿಲ್ಲಿಸಿದಾಗ ಎಡಗಡೆಯ ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು, ಡ್ರಮ್ಮಿನ (ಚಕ್ರದ ಜೊತೆ ತಿರುಗುವ ಬ್ರೇಕಿನ ಲೋಹದ ಬಟ್ಟಲು) ಹತ್ತಿರ ಕೈ ಇಡಲಾಗುತ್ತಿರಲಿಲ್ಲ. ಬಲಗಡೆಯದು ಮಾತ್ರ ತಣ್ಣಗಿತ್ತು. ಇದಕ್ಕೂ ಮೊದಲು ಒಂದು ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ತುಂಬಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದುಕೊಟ್ಟಿದ್ದರು. ಯಾವ ಆಯಿಲ್ ಹಾಕಿದಿರಿ ಎಂದು ನಾನು ಆಗ ವಿಚಾರಿಸಲಿಲ್ಲ.

ಅದೇ ಗ್ಯಾರೇಜಿನವರು, "ಈ ಡ್ರಮ್ಮುಗಳನ್ನೆಲ್ಲ ಕಿತ್ತುಹಾಕಿ ಮುಂದಕ್ಕೆ ಡಿಸ್ಕ್ ಕೂರಿಸಿ, ಜೊತೆಗೊಂದು ಬೂಸ್ಟರ್ ಹಾಕಿಸಿ" ಎನ್ನುತ್ತಿದ್ದಾರೆ. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುವ ಬ್ರೇಕು, ಬೂಸ್ಟರ್ ಎಂದರೆ ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಸಾಧನವಂತೆ. ತಾಯಿಯ ತವರು ಸುಳ್ಯ. ತಾತ ಇದೇ ಕಾರಿನಲ್ಲಿ ಮಡಿಕೇರಿಯ ಮೇಲೆ ಹಾದು ಸಂಪಾಜೆ ಘಾಟಿ ಇಳಿದು ಎಲ್ಲರನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದರಂತೆ. ಅಮ್ಮನನ್ನು ಒಮ್ಮೆ ಅದೇ ದಾರಿಯಲ್ಲಿ ಅದೇ ಕಾರಿನಲ್ಲಿ ಕರೆದುಕೊಂಡು ಹೋಗಬೇಕೆಂಬುದು ನನ್ನ ಆಸೆ. ಆ ಘಾಟಿಗೆ ಮೂಲ ಬ್ರೇಕ್ ಸಾಕಾಗುವುದೇ? ಅಥವಾ ಡಿಸ್ಕ್ ಹಾಕಿಸಿಯೇ ಹೊರಡಬೇಕೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಬೆಂಗಳೂರಿನಿಂದ)

ಮೂವತ್ತು ವರ್ಷಗಳಿಂದ ಒಂದು ಮೈನರ್ ಕಾರನ್ನು ನನ್ನ ಕೈಯಾರೆ ನೋಡಿಕೊಂಡು ಬಂದಿದ್ದೇನೆ, ಆ ಅನುಭವದಿಂದ ಬರೆಯುತ್ತಿದ್ದೇನೆ. ಡಿಸ್ಕಿನ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದಾದರೂ ಡ್ರಮ್ ಬ್ರೇಕ್ ಎಂಬ ಕಾರಣಕ್ಕೆ ಬಂದದ್ದಲ್ಲ. ಅವೆಲ್ಲ ಕೆಟ್ಟಿರುವ ಬ್ರೇಕಿನ ಲಕ್ಷಣಗಳು. ಕೆಟ್ಟ ಹೈಡ್ರಾಲಿಕ್ಸ್‌ಗೆ (ಆಯಿಲಿನ ಒತ್ತಡದಿಂದ ನಡೆಯುವ ವ್ಯವಸ್ಥೆಗೆ) ಡಿಸ್ಕ್ ಜೋಡಿಸಿದರೆ ನಿಮಗೆ ಸಿಗುವುದು ಕೆಟ್ಟ ಡಿಸ್ಕ್ ಬ್ರೇಕ್ ಅಷ್ಟೆ.

ಮೊದಲು ಆ ವಾಸನೆಯ ಮಾತು. ಬಿಸಿಯಾದ ಎಡ ಚಕ್ರದ ಮೇಲೆ ನಿಮಗೆ ಅನುಮಾನ ಬಂದಿರಬಹುದು, ಆದರೆ ಆ ಚಕ್ರ ತನ್ನ ಕೆಲಸವನ್ನೂ ಪಕ್ಕದವನ ಕೆಲಸವನ್ನೂ ಸೇರಿಸಿ ಮಾಡಿದೆ. ಬೆಟ್ಟ ಇಳಿದು ಬಂದ ಮೇಲೂ ತಣ್ಣಗಿದ್ದ ಬಲ ಚಕ್ರವೇ ಕಳ್ಳ. ಮೈನರಿನ ಮುಂದಿನ ಒಂದೊಂದು ಚಕ್ರದಲ್ಲೂ ಎರಡೆರಡು ವೀಲ್ ಸಿಲಿಂಡರ್ (ಆಯಿಲಿನ ಒತ್ತಡದಿಂದ ಶೂವನ್ನು ತಳ್ಳುವ ಪುಟ್ಟ ಭಾಗ) ಇವೆ, ಡ್ರಮ್ಮಿನ ಒಳಮೈಗೆ ಒತ್ತುವ ಬಾಗಿದ ಪಟ್ಟಿಯಾದ ಒಂದೊಂದು ಶೂಗೆ ಒಂದೊಂದು. ಹೀಗಾಗಿ ಎರಡೂ ಲೀಡಿಂಗ್ ಶೂಗಳು: ಚಕ್ರ ಮುಂದಕ್ಕೆ ತಿರುಗುವಾಗ ಡ್ರಮ್ಮೇ ಶೂವನ್ನು ಎಳೆದು ತನಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಬೂಸ್ಟರ್ ಇಲ್ಲದೆಯೂ ಈ ಕಾರು ಚೆನ್ನಾಗಿ ನಿಲ್ಲುವುದು ಇದರಿಂದಲೇ. ಒಂದು ಬದಿಯ ಸಿಲಿಂಡರುಗಳು ಜಾಮ್ ಆದರೆ ಆ ಬದಿಯಲ್ಲಿ ಈ ಸಹಾಯವೂ ಹೋಗುತ್ತದೆ, ಹಾಗಾಗಿ ಎಳೆತ ಅಷ್ಟು ಜೋರಾಗಿ ಗೊತ್ತಾಗುತ್ತದೆ.

ಎರಡನೆಯ ಒತ್ತಿಗೆ ಪೆಡಲ್ ಗಟ್ಟಿಯಾಗುವುದಕ್ಕೆ ಸಾಮಾನ್ಯ ಕಾರಣ ಶೂಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಾಗಿರುವುದು. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ ಎಂದರ್ಥ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಭಾಗ) ರಬ್ಬರ್ ಕಪ್ ಸವೆದು ಆಯಿಲ್ ಒಳಗೇ ಹಿಂದಕ್ಕೆ ಜಾರುತ್ತಿದೆ. ಈ ಮೂರನ್ನೂ ಕಾಲಿನ ಅಡಿಯಲ್ಲೇ ಬೇರೆಬೇರೆಯಾಗಿ ಗುರುತಿಸಲು ಬರಬೇಕು. ನಿಮ್ಮದು ಮೊದಲನೆಯ ಬಗೆಯೆಂದು ತೋರುತ್ತದೆ. ಡ್ರಮ್ಮಿನ ಮುಖದಲ್ಲಿರುವ ತೂತಿನಿಂದ ಸ್ಕ್ರೂಡ್ರೈವರ್ ಹಾಕಿ, ಆ ಅಂತರವನ್ನು ಸರಿಪಡಿಸುವ ಅಡ್ಜಸ್ಟರನ್ನು ಚಕ್ರ ಹಿಡಿದುಕೊಳ್ಳುವವರೆಗೆ ಬಿಗಿ ಮಾಡಿ, ಒಂದು ಹಲ್ಲು ಹಿಂದಕ್ಕೆ ಬಿಡಬೇಕು. ಹಿಂದಿನ ಚಕ್ರಕ್ಕೆ ಒಂದೇ ಅಡ್ಜಸ್ಟರ್, ಮುಂದಿನ ಚಕ್ರಕ್ಕೆ ಎರಡು. ಆ ಎರಡನೆಯದನ್ನು ಮರೆಯುವ ಮೇಸ್ತ್ರಿಗಳು ಬಹಳ ಮಂದಿ. ಡ್ರಮ್ಮನ್ನು ಅರ್ಧ ಸುತ್ತು ತಿರುಗಿಸಿ ಅದನ್ನೂ ಹುಡುಕಬೇಕು.

ಇಷ್ಟಾದರೂ ಡ್ರಮ್ ಬಿಚ್ಚದೆ ಇರಬೇಡಿ. ಯಾವ ಆಯಿಲ್ ಹಾಕಿದರೋ ತಿಳಿಯದು ಎಂದಿದ್ದೀರಿ, ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಾದದ್ದು ಆ ಒಂದು ಮಾತಿಗೆ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು, ಮಾಸ್ಟರ್ ಸಿಲಿಂಡರಿನಿಂದ ನಾಲ್ಕು ಹನಿ ಆಯಿಲನ್ನು ಅದಕ್ಕೆ ಬಿಟ್ಟು ಕಲಕಿ ನೋಡಿ. ಸರಿಯಾದ ಬ್ರೇಕ್ ಆಯಿಲ್, ಅಂದರೆ ಡಾಟ್ 3 ಅಥವಾ ಡಾಟ್ 4, ನೀರಿನೊಂದಿಗೆ ಬೆರೆತುಹೋಗುತ್ತದೆ. ಖನಿಜ ತೈಲವಾದರೆ ಮೇಲೆ ತೇಲುತ್ತದೆ. ತೇಲಿದರೆ ಆ ಕಾರನ್ನು ಒಂದು ಅಡಿಯೂ ಓಡಿಸಬೇಡಿ. ಅದು ಮುಟ್ಟಿದ ಪ್ರತಿಯೊಂದು ರಬ್ಬರನ್ನೂ, ಆರೂ ವೀಲ್ ಸಿಲಿಂಡರಿನ ಕಪ್ಪುಗಳಿಂದ ಹಿಡಿದು ಮೂರು ಹೋಸುಗಳವರೆಗೆ, ತೆಗೆದು ಬಿಸಾಡಿ ಪೈಪುಗಳನ್ನೆಲ್ಲ ತೊಳೆಯಬೇಕಾಗುತ್ತದೆ. ತೊಳೆಯಲು ಪೆಟ್ರೋಲಾಗಲಿ ಸೀಮೆಎಣ್ಣೆಯಾಗಲಿ ಸಲ್ಲದು, ಸ್ಪಿರಿಟ್ ಮಾತ್ರ.

ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಲೈನರುಗಳಲ್ಲಿ (ಶೂವಿನ ಮೇಲಿನ ಉಜ್ಜುವ ಪದರ) ಉಸಿರಿಗೆ ಹೋದರೆ ಅಪಾಯ ತರುವ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಲೈನರಿಗೆ ಆಯಿಲ್ ಇಳಿದಿದ್ದರೆ ಉಜ್ಜಿ ಒಣಗಿಸಿ ಮತ್ತೆ ಹಾಕುವ ಯೋಚನೆ ಬೇಡ; ಬಿಸಿಯಾದಾಗ ಅದು ಮತ್ತೆ ಜಿನುಗುತ್ತದೆ. ಹೊಸ ಲೈನರನ್ನು ಎರಡೂ ಬದಿಗೆ ಒಟ್ಟಿಗೇ ಹಾಕಿಸಬೇಕು, ಡ್ರಮ್ಮನ್ನು ಲೇಥಿಗೆ ಕೊಟ್ಟರೂ ಎರಡನ್ನೂ ಒಂದೇ ಅಳತೆಗೆ ಹಿಡಿಸಬೇಕು.

ಉತ್ತರ 2 (ಮಂಗಳೂರಿನಿಂದ)

ಮೇಲಿನ ಹಿರಿಯರ ಮಾತನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಡಿಸ್ಕ್ ಬೇಡವೇ ಬೇಡ ಎಂಬಲ್ಲಿಗೆ ನಿಲ್ಲಿಸಬಾರದು. ನಿಮ್ಮ 1958ರ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ 7 ಇಂಚಿನ ಡ್ರಮ್ ಇದೆ. 1962ರಲ್ಲಿ 1098 ಸಿ.ಸಿ. ಇಂಜಿನ್ ಬಂದಾಗ ಕಂಪನಿಯವರೇ ಮುಂದಿನ ಡ್ರಮ್ಮನ್ನು 8 ಇಂಚಿಗೆ ಹೆಚ್ಚಿಸಿದರು, ಅಂದರೆ ಹಳೆಯದು ಸಣ್ಣದಾಯಿತೆಂದು ಅವರಿಗೇ ಅನ್ನಿಸಿತ್ತು. ನಮ್ಮ ಕಡೆಯ ಘಾಟಿಗಳಲ್ಲಿ ಡ್ರಮ್ಮಿಗೆ ಎರಡು ಶತ್ರುಗಳು. ಒಂದು ಶಾಖ: ಡ್ರಮ್ ಕಾದು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಲೈನರ್ ಕೂಡ ಹಿಡಿತ ಬಿಡುತ್ತದೆ, ಪೆಡಲ್ ಎಷ್ಟು ಒತ್ತಿದರೂ ಕಾರು ನಿಲ್ಲುವುದಿಲ್ಲ. ಇನ್ನೊಂದು ನೀರು: ಜುಲೈ ತಿಂಗಳಲ್ಲಿ ರಸ್ತೆಯ ಮೇಲೆ ಹರಿಯುವ ನೀರನ್ನು ದಾಟಿದ ಮೇಲೆ ಮೊದಲ ಬ್ರೇಕಿಗೆ ಏನೂ ಆಗದ ಅನುಭವ ಇಲ್ಲಿಯವರಿಗೆಲ್ಲ ಇದೆ. ಡಿಸ್ಕ್ ಬಯಲಲ್ಲಿ ಇರುವುದರಿಂದ ಬೇಗ ಆರುತ್ತದೆ, ಬೇಗ ಒಣಗುತ್ತದೆ.

ನಾನು ಹಾಕಿಸಿರುವುದು ಮಾರಿಸ್ ಮರೀನಾ ಕಾರಿನ ಡಿಸ್ಕ್ ಮತ್ತು ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ). 1971ರಲ್ಲಿ ಬಂದ ಮರೀನಾದ ಮುಂದಿನ ಸಸ್ಪೆನ್ಷನ್ ಮೈನರಿನದರಿಂದಲೇ ಬೆಳೆದದ್ದಾದ ಕಾರಣ ಇದು ಹೆಚ್ಚು ಕೊಯ್ಯದೆ ಕೂರುತ್ತದೆ, ಬಹಳ ಮಂದಿ ಮೈನರ್ ಮಾಲೀಕರು ಹಿಡಿದಿರುವ ದಾರಿಯೂ ಇದೇ. ಆದರೆ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಹೇಳಲೇಬೇಕು, ಏಕೆಂದರೆ ಅದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೂಲ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ ಒಂದು ವಾಲ್ವ್ ಇದೆ. ಪೆಡಲ್ ಬಿಟ್ಟ ಮೇಲೂ ಅದು ಪೈಪಿನಲ್ಲಿ ಸ್ವಲ್ಪ ಒತ್ತಡವನ್ನು ಉಳಿಸಿಕೊಳ್ಳುತ್ತದೆ, ಸಾಮಾನ್ಯವಾಗಿ 10 ಪಿ.ಎಸ್.ಐ. (ಒತ್ತಡದ ಅಳತೆ) ಆಸುಪಾಸು. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇರುವುದರಿಂದ ಇದು ಒಳ್ಳೆಯದೇ, ಕಪ್ಪುಗಳು ಗಾಳಿ ಎಳೆದುಕೊಳ್ಳದಂತೆ ಅಗಲಿಸಿ ಹಿಡಿಯುತ್ತದೆ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಆ ವಾಲ್ವನ್ನು ತೆಗೆಸದೆ ನಾನು ಹೊರಟೆ. ಪ್ಯಾಡುಗಳು ಡಿಸ್ಕನ್ನು ಉಜ್ಜುತ್ತಲೇ ಹೋದವು, ಬಂಟ್ವಾಳ ದಾಟುವಷ್ಟರಲ್ಲಿ ಮುಂದಿನ ಎರಡೂ ಚಕ್ರಗಳು ಹೊಗೆಯಾಡುತ್ತಿದ್ದವು. ಮುಂದಿನ ಪೈಪಿಗೆ 2 ಪಿ.ಎಸ್.ಐ. ವಾಲ್ವ್, ಹಿಂದಿನ ಡ್ರಮ್ಮಿನ ಪೈಪಿಗೆ 10 ಪಿ.ಎಸ್.ಐ. ವಾಲ್ವ್ ಎಂದು ಬೇರೆಬೇರೆಯಾಗಿ ಹಾಕಿಸಿದ ಮೇಲೆ ಸರಿಯಾಯಿತು. ಮಾಸ್ಟರ್ ಸಿಲಿಂಡರ್ ಕ್ಯಾಲಿಪರಿಗಿಂತ ತಗ್ಗಿನಲ್ಲಿದ್ದರೆ ಆಯಿಲ್ ಹಿಂದಕ್ಕೆ ಹರಿದು ಬರದಂತೆ ತಡೆಯಲು ಆ 2 ಪಿ.ಎಸ್.ಐ. ಬೇಕು.

ಬೂಸ್ಟರ್ ಬಗ್ಗೆ ಒಂದು ಮಾತು. ಲೀಡಿಂಗ್ ಶೂ ಕೊಡುವ ಸ್ವಂತ ಎಳೆತ ಡಿಸ್ಕಿಗೆ ಇಲ್ಲದ್ದರಿಂದ ಪೆಡಲನ್ನು ಹೆಚ್ಚು ಬಲದಿಂದ ಒತ್ತಬೇಕಾಗುತ್ತದೆ. ಅದಕ್ಕಾಗಿ ಬೂಸ್ಟರ್ ಬೇಕೆನಿಸುತ್ತದೆ. ಆದರೆ ಬೂಸ್ಟರ್ ನಿಮ್ಮ ಕಾಲಿನ ಶ್ರಮವನ್ನು ಕಡಿಮೆ ಮಾಡುತ್ತದೆಯೇ ಹೊರತು ಬ್ರೇಕ್ ತಡೆದುಕೊಳ್ಳಬಲ್ಲ ಶಾಖವನ್ನು ಒಂದು ಡಿಗ್ರಿಯಷ್ಟೂ ಹೆಚ್ಚಿಸುವುದಿಲ್ಲ. 7 ಇಂಚಿನ ಡ್ರಮ್ಮಿಗೆ ಬೂಸ್ಟರ್ ಹಾಕಿಸಿಕೊಂಡು ಘಾಟಿ ಇಳಿಯುವುದಕ್ಕಿಂತ ಬೂಸ್ಟರ್ ಇಲ್ಲದ 8 ಇಂಚಿನ ಡ್ರಮ್ ಸಾವಿರ ಪಾಲು ಮೇಲು.

ಉತ್ತರ 3 (ಇಂಗ್ಲೆಂಡಿನ ಕವೆಂಟ್ರಿಯಿಂದ)

ನಾನು ಹಾಸನದವನು, ಇಲ್ಲಿಗೆ ಬಂದು ನೆಲೆಸಿ ಹದಿನೈದು ವರ್ಷಗಳಾದವು. ನಿಮ್ಮ ಕಾರಿನ ಬ್ರೇಕಿನ ಮೇಲೆ ಲಾಕ್‌ಹೀಡ್ ಎಂಬ ಹೆಸರು ಕಾಣುತ್ತದಲ್ಲವೇ, ಆ ಬ್ರೇಕುಗಳು ತಯಾರಾಗುತ್ತಿದ್ದ ಲೆಮಿಂಗ್ಟನ್ ಸ್ಪಾ ಪಟ್ಟಣ ನಮ್ಮ ಮನೆಯಿಂದ ಬಹಳ ದೂರವಿಲ್ಲ. ಮೈನರ್ ಕಾರುಗಳು 16 ಲಕ್ಷದಷ್ಟು ತಯಾರಾದ ಕಾರಣ ಇಲ್ಲಿ ಇಂದಿಗೂ ವೀಲ್ ಸಿಲಿಂಡರ್, ಹೋಸ್, ಶೂ, ಮಾಸ್ಟರ್ ಸಿಲಿಂಡರ್ ಎಲ್ಲವೂ ಹೊಸದಾಗಿಯೇ ಸಿಗುತ್ತವೆ. ಹಾಗಾಗಿ ಅಲ್ಲಿ ಬೇರೆ ಕಾರಿನ ಸಿಲಿಂಡರನ್ನು ಹೊಂದಿಸಿ ಕೂರಿಸುವ ಸಾಹಸಕ್ಕೆ ಇಳಿಯಬೇಡಿ. ಇದಕ್ಕೊಂದು ಗಟ್ಟಿ ಕಾರಣವಿದೆ. ಮೈನರಿನ ಪೈಪಿನ ನಟ್ಟುಗಳು ಇಂಚಿನ ಅಳತೆಯವು, 3/8 ಯು.ಎನ್.ಎಫ್. (ಇಂಚಿನ ಎಳೆಯ ಒಂದು ಬಗೆ). ಈಚಿನ ಕಾರುಗಳ ಭಾಗಗಳಲ್ಲಿ ಎಂ10 ಮೆಟ್ರಿಕ್ ಎಳೆ ಇರುತ್ತದೆ. 3/8ರ ನಟ್ಟನ್ನು ಎಂ10 ತೂತಿಗೆ ತಿರುಗಿಸಿದರೆ ಅದು ಒಳಗೆ ಹೋಗಿ ಕುಳಿತಂತೆಯೇ ಕಾಣುತ್ತದೆ, ಗಾಳಿ ತೆಗೆಯುವಾಗಲೂ ಸೋರದೆ ಇರಬಹುದು. ಎಳೆಗಳು ಮಾತ್ರ ತುದಿತುದಿಯಲ್ಲಷ್ಟೇ ಹಿಡಿದಿರುತ್ತವೆ; ಒಂದು ದಿನ ಜೋರಾಗಿ ಬ್ರೇಕ್ ಒತ್ತಿದಾಗ ಕಿತ್ತು ಬರುತ್ತವೆ.

ಪೈಪುಗಳನ್ನು ಹೊಸದಾಗಿ ಮಾಡಿಸುವುದಾದರೆ ಫ್ರಿಜ್ ರಿಪೇರಿಯವರು ಬಳಸುವ ತಾಮ್ರದ ಪೈಪನ್ನು ಹಾಕಬೇಡಿ. ಶುದ್ಧ ತಾಮ್ರ ಅದುರಿ ಅದುರಿ ಗಡುಸಾಗಿ ಬಿರುಕು ಬಿಡುತ್ತದೆ. 3/16 ಇಂಚಿನ ತಾಮ್ರ–ನಿಕಲ್ ಮಿಶ್ರಲೋಹದ ಬ್ರೇಕ್ ಪೈಪ್ ಸಿಗುತ್ತದೆ, ಅದು ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ.

ಆಯಿಲ್ ವಿಚಾರದಲ್ಲಿ ಇಲ್ಲಿಯವರ ನಡುವೆ ಮುಗಿಯದ ವಾದವೊಂದಿದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದು ಗಾಳಿಯಿಂದಲೇ ನೀರು ಹೀರುತ್ತದೆ, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ಎಬ್ಬಿಸುತ್ತದೆ. ಡಾಟ್ 5 ಎಂಬ ಸಿಲಿಕೋನ್ ಆಯಿಲಿಗೆ ಈ ಎರಡು ದೋಷಗಳೂ ಇಲ್ಲ, ವರ್ಷಗಟ್ಟಲೆ ನಿಲ್ಲುವ ಕಾರಿಗೆ ಅದೇ ಸರಿಯೆಂದು ಕೆಲವರ ಮತ. ಆದರೆ ಅದನ್ನು ಹಳೆಯ ಆಯಿಲಿನೊಂದಿಗೆ ಬೆರೆಸುವಂತಿಲ್ಲ, ಗಾಳಿಯ ಗುಳ್ಳೆಗಳನ್ನು ಅದು ಸುಲಭವಾಗಿ ಬಿಡುವುದಿಲ್ಲ, ಮೈನರಿನ ಬ್ರೇಕ್ ದೀಪದ ಸ್ವಿಚ್ ಆಯಿಲಿನ ಒತ್ತಡದಿಂದ ನಡೆಯುವಂಥದ್ದಾದ್ದರಿಂದ ಅದೂ ಬೇಗ ಕೆಡುತ್ತದೆಂಬ ದೂರಿದೆ. ಓಡಿಸುವ ಕಾರಿಗೆ ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ. ಭಾರತದಲ್ಲಿ 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಅದು ಮೂಲ ರೂಪದಲ್ಲಿರಬೇಕು. ಷಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಬೂಸ್ಟರಿಗಾಗಿ ಅಥವಾ ಹೊಸ ಮಾಸ್ಟರ್ ಸಿಲಿಂಡರಿಗಾಗಿ ಬಾಡಿಯನ್ನು ಕೊಯ್ಯಿಸುವ ಮುನ್ನ ಇದನ್ನು ನೆನಪಿಡಿ. ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಲೋಟದ ನೀರಿನಲ್ಲಿ ಆಯಿಲ್ ತೇಲಿತು. ಬಲ ಮುಂದಿನ ಡ್ರಮ್ ಬಿಚ್ಚಿದಾಗ ಮೇಲಿನ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಅಲುಗಾಡದಂತಾಗಿತ್ತು. ಕೆಳಗಿನದನ್ನು ಒತ್ತಿ ಹೊರತೆಗೆದೆ. ಒಳಗಿದ್ದ ರಬ್ಬರ್ ಕಪ್ ರಾತ್ರಿಯಿಡೀ ನೆನೆಸಿದ ಕಡಲೆಕಾಳಿನಂತೆ ಉಬ್ಬಿ ಮೆತ್ತಗಾಗಿತ್ತು, ಉಗುರಿನಿಂದ ಒತ್ತಿದರೆ ಗುರುತು ಹಾಗೆಯೇ ಉಳಿಯುತ್ತಿತ್ತು. ಹೊಸ ಕಪ್ಪಿನ ಪಕ್ಕದಲ್ಲಿಟ್ಟು ಅಮ್ಮನಿಗೂ ತೋರಿಸಿದೆ. ಬಹಳ ಹೊತ್ತು ಅವರು ಏನೂ ಮಾತನಾಡಲಿಲ್ಲ. ಇದರ ಮೇಲೆ ನಾನು ಬೆಟ್ಟದಿಂದ ಇಳಿದು ಬಂದಿದ್ದೆ ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಆರು ವೀಲ್ ಸಿಲಿಂಡರ್, ಮೂರು ಹೋಸ್, ಹೊಸ ಮಾಸ್ಟರ್ ಸಿಲಿಂಡರ್ ತರಿಸಿದ್ದೇನೆ. ಆದರೆ ಹಳೆಯ ಮಾಸ್ಟರ್ ಸಿಲಿಂಡರ್ ಹೊರಬರುತ್ತಿಲ್ಲ. ಡ್ರೈವರಿನ ಕಾಲಿನ ಕೆಳಗೆ ಷಾಸಿಯ ಒಳಗೆ ಕುಳಿತಿರುವ ಅದರ ಬೋಲ್ಟುಗಳು ಸಡಿಲವಾದರೂ ಪಕ್ಕದಲ್ಲಿ ಹಾದುಹೋಗುವ ಟಾರ್ಷನ್ ಬಾರಿಗೆ (ಮುಂದಿನ ಚಕ್ರಕ್ಕೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಸಲಾಕೆ) ತಾಗಿ ನಿಲ್ಲುತ್ತವೆ. ಕೊಯ್ಯಬೇಕೇ?

ಉತ್ತರ 1 (ಬೆಂಗಳೂರಿನಿಂದ)

ಕೊಯ್ಯಬೇಡಿ. ಮೈನರ್ ಇಟ್ಟುಕೊಂಡವರೆಲ್ಲ ಒಮ್ಮೆಯಾದರೂ ಇಲ್ಲಿ ಸಿಕ್ಕಿಬಿದ್ದವರೇ. ಸಸ್ಪೆನ್ಷನ್ನಿನ ಭಾರ ಇಳಿಸಿ, ಟಾರ್ಷನ್ ಬಾರನ್ನು ಸಡಿಲ ಮಾಡಿ ಬದಿಗೆ ಸರಿಸಿದರೆ ಬೋಲ್ಟುಗಳು ಬರುತ್ತವೆ. ಆ ಬಾರಿನಲ್ಲಿ ಬಹಳ ಬಿಗಿತ ತುಂಬಿರುತ್ತದೆ, ಆದ್ದರಿಂದ ಇದನ್ನು ಅದರ ಕೆಲಸ ಗೊತ್ತಿರುವ ಮೇಸ್ತ್ರಿಯ ಜೊತೆ ಸೇರಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕಾರನ್ನಿಟ್ಟು ಮಾಡಿ. ಮತ್ತೆ ಜೋಡಿಸುವಾಗ ಬೋಲ್ಟುಗಳನ್ನು ಎದುರು ದಿಕ್ಕಿನಿಂದ ತೂರಿಸಿ, ಮುಂದಿನ ಸಲ ಟಾರ್ಷನ್ ಬಾರನ್ನು ಮುಟ್ಟದೆಯೇ ಸಿಲಿಂಡರ್ ತೆಗೆಯಬಹುದು.

ಪೆಡಲಿನ ಪುಷ್ ರಾಡ್ ಪಿಸ್ಟನ್ನಿಗೆ ತಾಗುವ ಮುನ್ನ ಸ್ವಲ್ಪ ಖಾಲಿ ಚಲನೆ ಇರಲೇಬೇಕು. ಅದಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಾರದೆ, ಬಿಸಿಯಾಗಿ ಹಿಗ್ಗಿದ ಆಯಿಲ್ ಹಿಂತಿರುಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ, ನಾಲ್ಕಾರು ಕಿಲೋಮೀಟರಿನಲ್ಲಿ ನಾಲ್ಕೂ ಚಕ್ರ ಹಿಡಿದುಕೊಳ್ಳುತ್ತವೆ. ಆಯಿಲ್ ತುಂಬುವ ಮುಚ್ಚಳದಲ್ಲಿರುವ ಗಾಳಿಯ ತೂತೂ ತೆರೆದಿರಲಿ. ಗಾಳಿ ತೆಗೆಯುವಾಗ ಎಡ ಹಿಂದಿನದು, ಬಲ ಹಿಂದಿನದು, ಎಡ ಮುಂದಿನದು, ಕೊನೆಗೆ ಬಲ ಮುಂದಿನದು. ಇದು ಒಂದೇ ಸರ್ಕ್ಯೂಟಿನ ಬ್ರೇಕ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋದಂತೆ. ಆಗ ನಿಮಗೆ ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಅದರ ಕೇಬಲ್ಲುಗಳನ್ನೂ ಈಗಲೇ ಬದಲಿಸಿಬಿಡಿ.

ಪ್ರಶ್ನೆ ಕೇಳಿದವರು, ಒಂದೂವರೆ ತಿಂಗಳ ನಂತರ

ಕೆಲಸ ಮುಗಿಯಿತು. ಪೆಡಲ್ ಈಗ ಮೊದಲ ಒತ್ತಿಗೇ ನಿಲ್ಲುತ್ತದೆ. ಖಾಲಿ ಮೈದಾನದಲ್ಲಿ 50 ಕಿ.ಮೀ. ವೇಗದಿಂದ ಹತ್ತು ಸಲ ನಿಲ್ಲಿಸಿ ನೋಡಿದೆ. ಸ್ಟೀರಿಂಗಿನ ಮೇಲಿನ ಹಿಡಿತ ಸಡಿಲ ಬಿಟ್ಟರೂ ಕಾರು ನೇರವಾಗಿ ನಿಂತಿತು. ಡಿಸ್ಕ್ ಯೋಚನೆಯನ್ನು ಕೈಬಿಟ್ಟಿದ್ದೇನೆ. 1098ರ 8 ಇಂಚಿನ ಡ್ರಮ್, ಬ್ಯಾಕ್ ಪ್ಲೇಟ್, ಶೂಗಳ ಒಂದು ಜೊತೆ ಇಂಗ್ಲೆಂಡಿನಿಂದ ಬರಲಿದೆ, ಅದನ್ನು ಹಾಕಿಸಲು ಎಲ್ಲಿಯೂ ಕೊಯ್ಯಬೇಕಾಗಿಲ್ಲ. ಚಾಮುಂಡಿ ಬೆಟ್ಟವನ್ನು ಮತ್ತೆ ಇಳಿದೆ, ಈ ಸಲ ಹತ್ತಿದ ಗೇರಿನಲ್ಲೇ. ಕೆಳಗೆ ನಿಲ್ಲಿಸಿ ನಾಲ್ಕೂ ಡ್ರಮ್ಮುಗಳ ಹತ್ತಿರ ಕೈ ಹಿಡಿದು ನೋಡಿದೆ. ಮುಂದಿನ ಎರಡೂ ಒಂದೇ ಸಮನಾಗಿ ಬೆಚ್ಚಗಿದ್ದವು. ಮಳೆ ನಿಂತ ಮೇಲೆ, ದಸರಾ ಕಳೆದು, ಸುಳ್ಯಕ್ಕೆ ಹೊರಡುವುದೆಂದು ಅಮ್ಮ ದಿನ ನೋಡಿಟ್ಟಿದ್ದಾರೆ.